ವಾಹನ ಪ್ರಶ್ನೋತ್ತರ: ಪದ್ಮಿನಿಗೆ ಬೇರೆ ಸೀಟು ಕೂರಿಸುವಾಗ

ಪ್ರಶ್ನೆ: ನಮ್ಮ 1985ರ ಪ್ರೀಮಿಯರ್ ಪದ್ಮಿನಿಗೆ ಗುಜರಿಯಿಂದ ಬೇರೆ ಕಾರಿನ ಎರಡು ಬಿಡಿ ಸೀಟು ತಂದಿದ್ದೇನೆ. ತೂತುಗಳು ಹೊಂದುತ್ತಿಲ್ಲ. ಆ್ಯಂಗಲ್‌ನಲ್ಲಿ ಕಾಲು ಮಾಡಿಸಿ ತಳಕ್ಕೆ ಬೋಲ್ಟ್ ಹಾಕಿದರೆ ಸಾಕೇ? – ಹಾಸನದ ಓದುಗರು

ಉತ್ತರ: ಸಾಲದು. ಕಾಲು ಎಷ್ಟೇ ದಪ್ಪವಿದ್ದರೂ ಕಿತ್ತು ಬರುವುದು ತಳದ ತಗಡು. ಅದರ ದಪ್ಪ ಒಂದು ಮಿಲಿಮೀಟರ್ ಆಸುಪಾಸು, ತುಕ್ಕು ತಿಂದಿದ್ದರೆ ಅಷ್ಟೂ ಇಲ್ಲ. ಸೀಟಿನ ಪರೀಕ್ಷೆಯಲ್ಲಿ ಗುರುತ್ವದ 20 ಪಟ್ಟು ಹೊಡೆತ ಕೊಡುತ್ತಾರೆ. ಹದಿನೈದು ಕಿಲೋ ಸೀಟು ಆಗ ಮುನ್ನೂರು ಕಿಲೋ ತೂಕದಂತೆ ಬೋಲ್ಟುಗಳನ್ನು ಎಳೆಯುತ್ತದೆ. ಬೆಲ್ಟಿನ ಬಕಲ್ ಸೀಟಿಗೇ ಇದ್ದರೆ ಕೂತವರ ಭಾರದ ದೊಡ್ಡ ಪಾಲೂ ಅದೇ ಬೋಲ್ಟುಗಳ ಮೇಲೆ. ಸಣ್ಣ ವಾಷರ್ ಹಾಕಿದ ಬೋಲ್ಟು ಆಗ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ.

ಮೊದಲು ಕಾರ್ಪೆಟ್ಟು, ಫೆಲ್ಟು ಎಲ್ಲ ಎತ್ತಿ, ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ತಗಡು ಒಳಗೆ ಹೋದರೆ ಟಿಂಕರಿಂಗ್ ಮುಗಿಯುವವರೆಗೆ ಸೀಟಿನ ಮಾತೇ ಬೇಡ. ಕರಾವಳಿಯಲ್ಲಿ ಓಡಿದ ಕಾರಾದರೆ ಅಂಚಿನ ಪಟ್ಟಿಯನ್ನೂ ಒತ್ತಿ ನೋಡಬೇಕು.

ಆಮೇಲೆ ಪ್ರತಿ ಸೀಟಿನ ಕೆಳಗೆ ಅಡ್ಡಕ್ಕೆ 40×20 ಮಿ.ಮೀ. ಆಯತಾಕಾರದ ಪೈಪ್ ಎರಡು ತುಂಡು, ಗೋಡೆಯ ದಪ್ಪ 3 ಮಿ.ಮೀ. ಒಂದು ತುದಿ ಬಾಗಿಲಿನ ಬದಿಯ ಗಟ್ಟಿ ಪಟ್ಟಿಯ ಹತ್ತಿರ, ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್ ಹೋಗುವ ನಡುಗೂಡಿನ ಹತ್ತಿರ ಬರಲಿ. ಬೋಲ್ಟು ಹಾದುಹೋಗುವ ಕಡೆ ಪೈಪಿನೊಳಗೆ ಕೊಳವೆ ತುಂಡಿಟ್ಟು ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಬಿಗಿದಂತೆಲ್ಲ ಪೈಪ್ ಚಪ್ಪಟೆಯಾಗುತ್ತದೆ, ಬೋಲ್ಟು ಸಡಿಲವಾಗುತ್ತಲೇ ಇರುತ್ತದೆ.

ತಗಡಿನ ಕೆಳಗೆ ಪ್ರತಿ ಬೋಲ್ಟಿಗೂ ಒಂದು ಉಕ್ಕಿನ ಹಲಗೆ ಬೇಕು. ರ‍್ಯಾಲಿ ಕಾರುಗಳಿಗೆ ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ಕೇಳುವುದು 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ವಿಸ್ತೀರ್ಣ. 65×65 ಮಿ.ಮೀ. ಕತ್ತರಿಸಿದರೆ ಆಯಿತು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಚೂಪು ಮೂಲೆಯೇ ತಗಡನ್ನು ಕೊಯ್ಯುತ್ತದೆ. ತಳ ಉಬ್ಬುತಗ್ಗಾಗಿದ್ದರೆ ಹಲಗೆಯನ್ನೂ ಅದಕ್ಕೆ ತಕ್ಕಂತೆ ಬಗ್ಗಿಸಬೇಕು. ತಲೆಯ ಮೇಲೆ 8.8 (ಉಕ್ಕಿನ ಬಲದ ದರ್ಜೆ) ಎಂದಿರುವ ಬೋಲ್ಟೇ ಆಗಲಿ: ತಳಕ್ಕೆ 10 ಮಿ.ಮೀ., ಸೀಟು ಸರಿಯುವ ಹಳಿಗೆ (ಸ್ಲೈಡರಿಗೆ) 8 ಮಿ.ಮೀ. ಬಿಗಿತ ಸುಮಾರು 45 ಮತ್ತು 25 ನ್ಯೂಟನ್ ಮೀಟರ್. ನೈಲಾಕ್ ನಟ್ಟನ್ನು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು) ವೆಲ್ಡಿಂಗ್ ಪೂರ್ತಿ ಆರಿದ ಮೇಲೆ ಹಾಕಿ, ಬಿಸಿಗೆ ನೈಲಾನ್ ಕರಗುತ್ತದೆ.

ತೂತು ಕೊರೆಯುವ ಮೊದಲು ಕಾರಿನಡಿ ಮಲಗಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹೋಗಿವೆ ನೋಡಿಕೊಳ್ಳಿ. ಕೊರೆದ ಅಂಚಿಗೆ ಪ್ರೈಮರ್ ಬಳಿಯದಿದ್ದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಅಲ್ಲಿಂದಲೇ ಶುರು.

ಪ್ರಶ್ನೆ: ಹೊಸದಾಗಿ ಕೂರಿಸಿದ ಸೀಟು ಹಿಂದೆಮುಂದೆ ಸರಿಯುವಾಗ ಹಿಡಿಯುತ್ತದೆ, ಒಂದೇ ಬದಿ ಲಾಕ್ ಆಗುತ್ತದೆ. – ಶಿವಮೊಗ್ಗದ ಓದುಗರು

ಉತ್ತರ: ಎರಡು ಹಳಿ ಸಮಾಂತರವಾಗಿಲ್ಲ, ಅಥವಾ ಒಂದು ಮೂಲೆ ಎತ್ತರವಿದೆ. ಬೋಲ್ಟು ಸಡಿಲಿಸಿ, ಯಾವ ಮೂಲೆ ಎದ್ದಿದೆಯೋ ನೋಡಿ ಅದರ ಕೆಳಗಿನ ಸಂದಿಗೆ ವಾಷರ್ ಕೊಡಿ. ಬಲವಂತವಾಗಿ ಬಿಗಿದು ಸರಿಮಾಡಬೇಡಿ. ಒಂದೇ ಬದಿ ಲಾಕ್ ಆದ ಸೀಟಿನಲ್ಲಿ ಕಾರು ಓಡಿಸಲೇಬಾರದು: ಜೋರಾಗಿ ಬ್ರೇಕ್ ಒತ್ತಿದಾಗ ಸೀಟು ಸರಿದು ಪೆಡಲ್ ಮೇಲಿನ ಕಾಲು ತಪ್ಪುತ್ತದೆ.

ಪ್ರಶ್ನೆ: ಬೆಲ್ಟಿನ ಬಕಲನ್ನು ಮನೆಯಲ್ಲಿ ಮಾಡಿದ ಕಾಲಿಗೇ ಕಟ್ಟಬಹುದೇ? ಆರ್‌ಟಿಒ ತಕರಾರು ಬರುತ್ತದೆಯೇ? – ಮೈಸೂರಿನ ಓದುಗರು

ಉತ್ತರ: ಕಟ್ಟಬೇಡಿ. ಬೆಲ್ಟಿಗೆ ಬಾಡಿಯಲ್ಲೇ ಬೇರೆ ಹಲಗೆ, ಬೇರೆ ಬೋಲ್ಟು. ಬೆಲ್ಟಿನ ಬೋಲ್ಟು ಸಾಮಾನ್ಯವಾಗಿ 7/16 ಇಂಚು, ಅಂಗುಲಕ್ಕೆ 20 ಎಳೆ. ಅಂಗಡಿಯ ಮೆಟ್ರಿಕ್ ಬೋಲ್ಟನ್ನು ಅದರ ನಟ್ಟಿಗೆ ತುರುಕಿದರೆ ಎಳೆ ಕೆಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಸನಗಳ ಸಂಖ್ಯೆಯನ್ನಂತೂ ಬದಲಿಸಬೇಡಿ. ಬಿಗಿದ ಪ್ರತಿ ನಟ್ಟಿನ ಮೇಲೂ ಬಣ್ಣದ ಗೆರೆ ಎಳೆದು, ನೂರು ಕಿಲೋಮೀಟರ್ ಓಡಿದ ಮೇಲೆ ಗೆರೆ ಜರುಗಿದೆಯೇ ನೋಡಿ. ಜರುಗಿದ್ದರೆ ಮತ್ತೆ ಬಿಗಿದು ಬಿಡಬೇಡಿ, ಬಿಚ್ಚಿ ತಗಡೇ ಮಣಿದಿದೆಯೇ ಪರೀಕ್ಷಿಸಿ.