ಎಡ ಮ್ಯಾಗ್ನೆಟೋಗೆ ತಿರುಗಿಸಿದರೆ ಎಂಜಿನ್ ನಡುಗುತ್ತದೆ. ಹೊಸ ಮ್ಯಾಗ್ನೆಟೋ ಹಾಕಿಸಬೇಕಾ?

ಈಗಲೇ ಬೇಡ. ನೀವು ಬರೆದಿರುವ ಲಕ್ಷಣ ನೋಡಿದರೆ ನನ್ನ ಮೊದಲ ಅನುಮಾನ ಸ್ಪಾರ್ಕ್ ಪ್ಲಗ್ ಮೇಲೆ, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಮ್ಯಾಗ್ನೆಟೋ ಮೇಲಲ್ಲ.

ನೀವು ಹೇಳಿದ್ದು ಇಷ್ಟು: ಇಬ್ಬರು ಗೆಳೆಯರ ಜೊತೆ ಸೇರಿ ಅಮೆರಿಕದಲ್ಲಿ 1975ರ ಸೆಸ್ನಾ 172ಎಂ ವಿಮಾನ ಕೊಂಡಿದ್ದೀರಿ. ಹಾರುವ ಮೊದಲು ನೆಲದ ಮೇಲೆ ಎಂಜಿನ್ ಓಡಿಸಿ ಪರೀಕ್ಷಿಸುವಾಗ, ಅಂದರೆ ರನ್-ಅಪ್ ಮಾಡುವಾಗ, ಕೀಲಿಯನ್ನು ಬಲ ಮ್ಯಾಗ್ನೆಟೋ ಒಂದಕ್ಕೇ ತಿರುಗಿಸಿದರೆ 75 ಆರ್‌ಪಿಎಂ ಇಳಿಯುತ್ತದೆ. ಎಡದ್ದರಲ್ಲಿ 200ಕ್ಕೂ ಜಾಸ್ತಿ ಇಳಿದು ಎಂಜಿನ್ ಗಡಗಡ ನಡುಗುತ್ತದೆ. ಹ್ಯಾಂಗರಿನಲ್ಲಿ ಯಾರೋ "ಮ್ಯಾಗ್ನೆಟೋ ಹೋಗಿದೆ, ಬದಲಾಯಿಸಿ" ಅಂದಿದ್ದಾರೆ. ನಾನೂ ಕ್ಯಾಲಿಫೋರ್ನಿಯಾದಲ್ಲಿ ಇದೇ ಮಾದರಿಯ ವಿಮಾನ ಇಟ್ಟುಕೊಂಡಿದ್ದೇನೆ. ಅದೇ ಲೈಕಮಿಂಗ್ ಓ-320-ಇ2ಡಿ ಎಂಜಿನ್, 150 ಅಶ್ವಶಕ್ತಿ. ಈ ತೊಂದರೆಯ ಪರಿಚಯ ಚೆನ್ನಾಗಿಯೇ ಇದೆ.

ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಎರಡು ಪ್ಲಗ್. ಒಂದು ಮ್ಯಾಗ್ನೆಟೋ ನಾಲ್ಕು ಪ್ಲಗ್‌ಗಳಿಗೆ ಕಿಡಿ ಕೊಡುತ್ತದೆ, ಇನ್ನೊಂದು ಉಳಿದ ನಾಲ್ಕಕ್ಕೆ. ಬ್ಯಾಟರಿ ಸತ್ತರೂ ಇವು ನಡೆಯುತ್ತವೆ. ಒಂದನ್ನು ನಿಲ್ಲಿಸಿದಾಗ ಸಿಲಿಂಡರ್ ಒಳಗೆ ಬೆಂಕಿ ಒಂದೇ ಕಡೆಯಿಂದ ಹರಡಬೇಕು, ನಿಧಾನವಾಗುತ್ತದೆ, ಅದಕ್ಕೇ ಆರ್‌ಪಿಎಂ ಸ್ವಲ್ಪ ಇಳಿಯುತ್ತದೆ. ಇಳಿಯಲೇಬೇಕು. ಕೈಪಿಡಿ ಪ್ರಕಾರ 1700 ಆರ್‌ಪಿಎಂನಲ್ಲಿ ಪರೀಕ್ಷೆ ಮಾಡಿದಾಗ ಇಳಿತ 125 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ನಿಮ್ಮದು ಎರಡೂ ಮಿತಿ ದಾಟಿದೆ. ಹಾಗಾಗಿ ಇದು ಸರಿಹೋಗುವ ತನಕ ಹಾರಬೇಡಿ. "ಎರಡೂ ಆನ್ ಇದ್ದಾಗ ಚೆನ್ನಾಗೇ ಓಡುತ್ತದಲ್ಲ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಒಳ್ಳೆಯ ಮ್ಯಾಗ್ನೆಟೋ ಗಾಳಿಯಲ್ಲಿ ಕೈಕೊಟ್ಟರೆ ನಿಮಗೆ ಉಳಿಯುವುದು ಈ ನಡುಗುವ ಕಡೆ ಮಾತ್ರ.

ಇಲ್ಲಿ ಗಮನಿಸಬೇಕಾದ್ದು ಎಷ್ಟು ಇಳಿಯಿತು ಅನ್ನುವುದಕ್ಕಿಂತ ಹೇಗೆ ಇಳಿಯಿತು ಅನ್ನುವುದು. ನಡುಗುತ್ತಾ ಇಳಿದರೆ ಯಾವುದೋ ಒಂದು ಸಿಲಿಂಡರ್ ಉರಿಯುತ್ತಿಲ್ಲ. ಸಾಮಾನ್ಯವಾಗಿ ತಪ್ಪು ಪ್ಲಗ್‌ನದ್ದು, ಕೆಲವೊಮ್ಮೆ ಅದಕ್ಕೆ ಹೋಗುವ ವೈರಿನದ್ದು. ನಡುಕವೇ ಇಲ್ಲದೆ ನುಣ್ಣಗೆ ಜಾಸ್ತಿ ಇಳಿದರೆ ಆಗ ಮ್ಯಾಗ್ನೆಟೋ ಟೈಮಿಂಗ್, ಅಂದರೆ ಕಿಡಿ ಯಾವ ಹೊತ್ತಿಗೆ ಬೀಳುತ್ತದೆ ಅಂತ ನೋಡಬೇಕು. ಈ ಎಂಜಿನ್‌ಗೆ ಅದು ಪಿಸ್ಟನ್ ಮೇಲ್ತುದಿ ಮುಟ್ಟುವ 25 ಡಿಗ್ರಿ ಮೊದಲು ಇರಬೇಕು. ಇನ್ನು ಸ್ವಲ್ಪವೂ ಇಳಿಯದಿದ್ದರೆ ಖುಷಿಪಡಬೇಡಿ. ಕೀಲಿಯಿಂದ ಮ್ಯಾಗ್ನೆಟೋಗೆ ಹೋಗಿ ಅದನ್ನು ಆಫ್ ಮಾಡುವ ಪಿ-ಲೀಡ್ ವೈರು ಕಡಿದಿರಬಹುದು. ಆಗ ಕೀಲಿ ಆಫ್ ಮಾಡಿದರೂ ಮ್ಯಾಗ್ನೆಟೋ ಜೀವಂತ. ಪ್ರೊಪೆಲರ್ ಅನ್ನು ಕೈಯಿಂದ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು, ಪ್ರಾಣವೇ ಹೋಗಬಹುದು.

ನಿಮ್ಮ ಎಂಜಿನ್‌ಗೆ ಪ್ಲಗ್ ಕಾಟ ಜಾಸ್ತಿ ಯಾಕೆ ಅಂದರೆ, ಇದನ್ನು ಮಾಡಿದ್ದು 80 ಆಕ್ಟೇನ್ ಪೆಟ್ರೋಲಿಗೆ. ಈಗ ಪಂಪಿನಲ್ಲಿ ಸಿಗುವುದು ಹೆಚ್ಚಾಗಿ ಸೀಸ ಬೆರೆಸಿದ, ನೀಲಿ ಬಣ್ಣದ ವಿಮಾನ ಪೆಟ್ರೋಲ್ 100ಎಲ್‌ಎಲ್. ಅದರಲ್ಲಿ ಹಳೆಯ 80ರ ನಾಲ್ಕು ಪಟ್ಟು ಸೀಸ ಇರಬಹುದು. ನೆಲದ ಮೇಲೆ ನಿಧಾನವಾಗಿ ಓಡುವಾಗ ಎಂಜಿನ್ ಅಷ್ಟು ಬಿಸಿಯಾಗುವುದಿಲ್ಲ, ಸೀಸ ಹೊಗೆಯ ಜೊತೆ ಹೊರಗೆ ಹೋಗದೆ ಪ್ಲಗ್ ಬಾಯಲ್ಲಿ ಸಣ್ಣ ಬೂದು ಗುಂಡುಗಳಾಗಿ ಕೂರುತ್ತದೆ. ಕೆಳಗಿನ ಪ್ಲಗ್‌ಗಳಿಗೇ ಇದು ಜಾಸ್ತಿ. ಎಣ್ಣೆಯೂ ಇಳಿದು ಅಲ್ಲೇ ಸೇರುತ್ತದೆ.

ಮೊದಲು ಸುಟ್ಟು ತೆಗೆಯಲು ನೋಡಿ. ಬ್ರೇಕ್ ಗಟ್ಟಿಯಾಗಿ ಹಿಡಿದು, ಎರಡೂ ಮ್ಯಾಗ್ನೆಟೋ ಆನ್ ಇಟ್ಟು, 1800ರಿಂದ 2000 ಆರ್‌ಪಿಎಂಗೆ ಏರಿಸಿ. ಎಂಜಿನ್ ತುಸು ತಡವರಿಸುವ ತನಕ ಮಿಕ್ಸ್ಚರ್ (ಗಾಳಿಗೆ ಬೆರೆಯುವ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಹಿಡಿ) ಹಿಂದಕ್ಕೆ ಎಳೆಯಿರಿ, ಅಲ್ಲಿಂದ ಕೂದಲೆಳೆಯಷ್ಟು ಮುಂದೆ ತಳ್ಳಿ, ಒಂದು ನಿಮಿಷ ಬಿಡಿ. ಎಣ್ಣೆಯ ತಾಪದ ಮೇಲೆ ಕಣ್ಣಿರಲಿ. ಆಮೇಲೆ ಮಿಕ್ಸ್ಚರ್ ಮುಂದಕ್ಕೆ ತಂದು ಮತ್ತೆ ಪರೀಕ್ಷಿಸಿ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ. ಎರಡು ಸಲ ಮಾಡಿಯೂ ನಡುಕ ಹೋಗದಿದ್ದರೆ ಎಂಜಿನ್ ನಿಲ್ಲಿಸಿ, ಹ್ಯಾಂಗರಿಗೆ ವಾಪಸ್ ತನ್ನಿ.

ಮುಂದಿನ ಕೆಲಸ, ಯಾವ ಸಿಲಿಂಡರ್ ಅಂತ ಪತ್ತೆ ಮಾಡುವುದು. ಎಲ್ಲ ಸಿಲಿಂಡರಿನ ತಾಪ ತೋರಿಸುವ ಎಂಜಿನ್ ಮಾನಿಟರ್ ಇದ್ದರೆ ಸುಲಭ: ಎಡ ಮ್ಯಾಗ್ನೆಟೋಗೆ ತಿರುಗಿಸಿದಾಗ ಯಾವುದರ ಇಜಿಟಿ (ಎಕ್ಸಾಸ್ಟ್ ಹೊಗೆಯ ತಾಪ) ಬಿದ್ದುಹೋಗುತ್ತದೋ ಅದೇ. ಇಲ್ಲದಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ, ತಕ್ಷಣ ಕೀಲಿಯನ್ನು ಎಡಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಓಡಿಸಿ ಮಿಕ್ಸ್ಚರ್ ಎಳೆದು ನಿಲ್ಲಿಸಿ. ಕೀಲಿ ಹೊರಗೆ ತೆಗೆಯಿರಿ, ಚಕ್ರಕ್ಕೆ ಅಡ್ಡ ಕೊಡಿ, ಪ್ರೊಪೆಲರ್ ಸುತ್ತ ಯಾರೂ ಇರದಿರಲಿ. ಆಮೇಲೆ ಮುಟ್ಟದೆ ತಾಪ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಎಕ್ಸಾಸ್ಟ್ ಪೈಪಿಗೆ ಹಿಡಿಯಿರಿ. ಮೂರು ಬಿಸಿ, ಒಂದು ತಣ್ಣಗೆ. ಆ ಒಂದರಲ್ಲಿ ಎಡ ಮ್ಯಾಗ್ನೆಟೋಗೆ ಸೇರಿದ ಪ್ಲಗ್ ಯಾವುದು ಅಂತ ವೈರು ಹಿಡಿದು ನೋಡಿ.

ಪ್ಲಗ್ ತೆಗೆದು ತೊಳೆಯುವುದು, ಬದಲಾಯಿಸುವುದು, ಗ್ಯಾಪ್ (ಕಿಡಿ ಹಾರುವ ಸಂದು) ಸರಿಮಾಡುವುದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮದಲ್ಲೇ ಮಾಲೀಕ-ಪೈಲಟ್‌ಗೆ ಬಿಟ್ಟಿರುವ ಕೆಲಸ. ಪಾರ್ಟ್ 43ರ ಅಪೆಂಡಿಕ್ಸ್ ಎ ಓದಿ, ಪಟ್ಟಿ ಅಲ್ಲಿದೆ. ಆದರೂ ಮೊದಲ ಸಲ ಮೆಕ್ಯಾನಿಕ್ ಪಕ್ಕದಲ್ಲಿರಲಿ. ತೆಗೆದ ಪ್ಲಗ್‌ನ ಸೀಸವನ್ನು ಚೂಪು ಕಡ್ಡಿಯಿಂದ ಕೆದಕಿ, ಒಳಗಿನ ಪಿಂಗಾಣಿಗೆ ಪೆಟ್ಟಾಗದ ಹಾಗೆ. ಆಮೇಲೆ ಮಲ್ಟಿಮೀಟರ್‌ನಿಂದ ರೆಸಿಸ್ಟೆನ್ಸ್ ಅಳೆಯಿರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. 5000 ಓಮ್ ಮೀರಿದ್ದರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಆ ಪ್ಲಗ್ ಎಸೆಯಿರಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗೂ ಹಾಗೆಯೇ, ಒಳಗೆ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ. ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್, ಟಾರ್ಕ್ ರೆಂಚ್‌ನಲ್ಲಿ 35 ಅಡಿ-ಪೌಂಡ್. ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಕೆಲಸದ ವಿವರ, ದಿನಾಂಕ, ಸಹಿ, ನಿಮ್ಮ ಪೈಲಟ್ ಸರ್ಟಿಫಿಕೇಟ್ ಸಂಖ್ಯೆ ಮತ್ತು ಅದು ಯಾವ ಬಗೆಯದು ಅಂತ ಬರೆಯಿರಿ.

ಪ್ಲಗ್ ಸರಿಯಿದೆ ಅನ್ನಿಸಿದರೆ ಅದನ್ನು ಬೇರೆ ಸಿಲಿಂಡರಿಗೆ ಹಾಕಿ ನೋಡಿ. ತೊಂದರೆ ಪ್ಲಗ್ ಜೊತೆ ಹೋಯಿತೋ, ತಪ್ಪು ಪ್ಲಗ್‌ನದ್ದು. ಅಲ್ಲೇ ಉಳಿಯಿತೋ, ವೈರಿನದ್ದು ಅಥವಾ ಮ್ಯಾಗ್ನೆಟೋದ್ದು. ಅಲ್ಲಿಂದ ಮುಂದೆ ಎ ಅಂಡ್ ಪಿ (ಎಫ್‌ಎಎ ಪರವಾನಗಿ ಇರುವ) ಮೆಕ್ಯಾನಿಕ್ ಕೆಲಸ, ನೀವು ಕೈ ಹಾಕಬೇಡಿ. ಲಾಗ್‌ಬುಕ್ ತೆಗೆದು ಮ್ಯಾಗ್ನೆಟೋ ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ ಅಂತ ಹುಡುಕಿ. ಸ್ಲಿಕ್ ಕಂಪನಿಯದಾದರೆ 500 ಗಂಟೆಗೊಮ್ಮೆ ಬಿಚ್ಚಬೇಕು. ಆ ಗಡುವು ದಾಟಿದ್ದರೆ ಹೇಗೂ ಬಿಚ್ಚಿಸಿ. ಒಂದು ಪ್ಲಗ್‌ನ ಬೆಲೆಗೂ ಹೊಸ ಮ್ಯಾಗ್ನೆಟೋ ಬೆಲೆಗೂ ಅಜಗಜಾಂತರ, ಅದಕ್ಕೇ ಈ ಕ್ರಮದಲ್ಲೇ ಹೋಗಿ ಅನ್ನುತ್ತಿದ್ದೇನೆ.

ಒಂದು ಬೇರೆ ಲಕ್ಷಣ ಮಾತ್ರ ಇದರ ಜೊತೆ ಬೆರೆಸಬೇಡಿ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ, ಎರಡೂ ಮ್ಯಾಗ್ನೆಟೋ ಆನ್ ಇದ್ದರೂ, ಮೊದಲ ಒಂದೆರಡು ನಿಮಿಷ ಕುಂಟಿ ಆಮೇಲೆ ಸರಿಯಾದರೆ ಅದು ಪ್ಲಗ್ ಅಲ್ಲ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತಾನು ಜಾರುವ ಕೊಳವೆಯಲ್ಲಿ, ಅಂದರೆ ಗೈಡಿನಲ್ಲಿ, ಸಿಕ್ಕಿಕೊಳ್ಳುತ್ತಿರಬಹುದು. ಲೈಕಮಿಂಗ್‌ನಲ್ಲಿ ಇದು ಗೊತ್ತಿರುವ ರೋಗ. "ಬಿಸಿಯಾದ ಮೇಲೆ ಸರಿಹೋಗುತ್ತೆ ಬಿಡಿ" ಅಂತ ಹಾರುವುದು ಅಪಾಯ, ಹಾರುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.

ಪ್ಲಗ್ ಮತ್ತೆ ಕಟ್ಟದಿರಲು ನೆಲದ ಮೇಲೆ ಓಡಿಸುವಾಗ ಮಿಕ್ಸ್ಚರ್ ಚೆನ್ನಾಗಿ ಎಳೆದಿಡಿ. ಎಷ್ಟು ಅಂದರೆ, ಮರೆತು ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ಮುಗ್ಗರಿಸಬೇಕು. ಅರ್ಧಂಬರ್ಧ ಎಳೆದು ಟೇಕಾಫ್ ಮಾಡುವ ಅಪಾಯವೂ ಇದರಿಂದ ತಪ್ಪುತ್ತದೆ. ಸೀಸವಿಲ್ಲದ ಯುಎಲ್94 ಪೆಟ್ರೋಲ್ ಸಿಗುವ ಊರಾದರೆ ನಿಮ್ಮ ಎಂಜಿನ್‌ಗೆ ಅದು ಹೊಂದುತ್ತದೆ, ಎಸ್‌ಟಿಸಿ ಅನ್ನುವ, ವಿಮಾನದಲ್ಲಿ ಇಂಥ ಬದಲಾವಣೆಗೆ ಬೇಕಾದ ಅನುಮತಿ ಪತ್ರ ತೆಗೆದುಕೊಳ್ಳಬೇಕು ಅಷ್ಟೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿಯಿಂದ ತನ್ನ ವಿಮಾನ ನಿಲ್ದಾಣಗಳಲ್ಲಿ 100ಎಲ್‌ಎಲ್ ಮಾರಾಟವನ್ನೇ ನಿಲ್ಲಿಸಿತು. ಸುತ್ತ ವಾಸಿಸುವ ಮಕ್ಕಳ ರಕ್ತಕ್ಕೆ ಸೀಸ ಸೇರುವ ವಿಷಯ ಇದು, ನಮ್ಮ ಪ್ಲಗ್‌ಗಿಂತ ದೊಡ್ಡದು. ಸಾಧ್ಯವಿದ್ದವರು ಬದಲಾಯಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ತಣ್ಣಗಿದ್ದ ಸಿಲಿಂಡರ್ ಯಾವುದು, ಅದರ ಪ್ಲಗ್ ಎಷ್ಟು ಓಮ್ ತೋರಿಸಿತು, ಈ ಎರಡನ್ನು ಇಲ್ಲಿ ಬರೆಯಿರಿ. ಮುಂದಿನದ್ದು ನೋಡೋಣ.