ಪ್ಯಾರಾಸಿಟಮಾಲ್ ಒಂದೇ ಔಷಧ, ಹಾಗಿದ್ದರೂ ಮಾತ್ರೆ, ಸಿರಪ್, ಡ್ರಾಪ್ಸ್ ಅಂತ ಇಷ್ಟೊಂದು ರೂಪ ಯಾಕೆ?
ಯಾರು ನುಂಗಬೇಕು, ಔಷಧ ಎಲ್ಲಿ ಕರಗಬೇಕು, ಎಷ್ಟು ದಿನ ಕೆಡದೆ ಇರಬೇಕು ಅನ್ನುವುದನ್ನು ನೋಡಿ ರೂಪ ತೀರ್ಮಾನವಾಗುತ್ತದೆ. ಮಾತ್ರೆ ಅಂದರೆ ಪುಡಿ ಒತ್ತಿ ಮಾಡಿದ ಬಿಲ್ಲೆ. ಬೇಗ ಕೆಡದು, ಅಳತೆಯೂ ತಪ್ಪದು. ಕ್ಯಾಪ್ಸೂಲ್‌ನಲ್ಲಿ ಪುಡಿ ಅಥವಾ ಸಣ್ಣ ಕಾಳುಗಳು ಸಾಮಾನ್ಯವಾಗಿ ಜೆಲಟಿನ್ ಕವಚದೊಳಗೆ ಇರುತ್ತವೆ. ಎಲ್ಲ ಮಾತ್ರೆಯನ್ನೂ ಕುಟ್ಟಿ ಕೊಡುವಂತಿಲ್ಲ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯ ಲೇಪ ಕರಗಬೇಕಾದ್ದು ಕರುಳಿನಲ್ಲಿ. ಪುಡಿ ಮಾಡಿದರೆ ಜಠರದ ಆಮ್ಲವೇ ಔಷಧವನ್ನು ಹಾಳುಮಾಡುತ್ತದೆ.

ಜನ ಹೆಚ್ಚು ಎಡವುವುದು ದ್ರವಗಳಲ್ಲಿ. ಸಿರಪ್‌ನಲ್ಲಿ ಔಷಧ ಪೂರ್ತಿ ಕರಗಿರುತ್ತದೆ. ಸಸ್ಪೆನ್ಷನ್‌ನಲ್ಲಿ ಕರಗದ ಕಣಗಳು ತಳ ಸೇರುತ್ತವೆ. ಬಾಟಲಿ ಅಲ್ಲಾಡಿಸದಿದ್ದರೆ ಮೊದಲ ದಿನಗಳ ಡೋಸ್ ತೆಳು, ಕೊನೆಯದು ಜೋರು. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್‌ನ ಡ್ರೈ ಸಿರಪ್ ಪುಡಿಯಾಗಿ ಬರುವುದೇಕೆಂದರೆ, ನೀರು ಬೆರೆಸಿದ ಮೇಲೆ ಅದರ ಆಯುಸ್ಸು ಕೆಲವೇ ದಿನ.

ಇನ್ನು ಡ್ರಾಪ್ಸ್. ಪುಟ್ಟ ಬಾಟಲಿ ನೋಡಿ ಸೌಮ್ಯ ಅಂದುಕೊಳ್ಳಬೇಡಿ! ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250. ಸಿರಪ್ ಅಂದುಕೊಂಡು 5 ಮಿ.ಲೀ. ಡ್ರಾಪ್ಸ್ ಕುಡಿಸಿದರೆ ಕೂಸಿನ ಹೊಟ್ಟೆಗೆ 500 ಮಿ.ಗ್ರಾಂ, ಅಂದರೆ ದೊಡ್ಡವರ ಇಡೀ ಒಂದು ಮಾತ್ರೆ. ಅಡುಗೆಮನೆ ಚಮಚ ಬಿಡಿ, ಜೊತೆಗೆ ಕೊಟ್ಟ ಅಳತೆಯ ಮುಚ್ಚಳವನ್ನೋ ಡ್ರಾಪರನ್ನೋ ಬಳಸಿ.