ಅಮ್ಮನ ಹಣೆಯ ಬೊಟ್ಟು

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಸೋದರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಪ್ಪ ತೀರಿಕೊಂಡು ವರ್ಷವಾಯಿತು, ಅಮ್ಮ ಅಂದಿನಿಂದ ಬೊಟ್ಟು ಇಟ್ಟಿಲ್ಲ ಎಂದು ಬರೆದಿದ್ದೀರಿ. ಮೊನ್ನೆ ನೆಂಟರ ಮನೆಯಲ್ಲಿ ಸಾಲಾಗಿ ಕೂತಿದ್ದ ಎಲ್ಲರ ಮುಂದೆಯೂ ಅರಿಶಿನ-ಕುಂಕುಮದ ತಟ್ಟೆ ಬಂತು. ಅಮ್ಮನನ್ನು ಮಾತ್ರ ದಾಟಿ ಮುಂದೆ ಹೋಯಿತು. 'ಬೊಟ್ಟಿಗೆ ನಿಜವಾದ ಅರ್ಥ ಏನು? ಅಮ್ಮ ಮತ್ತೆ ಇಟ್ಟುಕೊಂಡರೆ ತಪ್ಪಾ?' ಎಂದು ಕೇಳಿದ್ದೀರಿ.

ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ಕೂಸಾಗಿದ್ದಾಗ ಹಣೆಗೆ ಏನಿಡುತ್ತಿದ್ದರು ಅಂತ ಅಮ್ಮನನ್ನು ಕೇಳಿ. ಸಾದು ಅಂತಾರೆ. ನಮ್ಮಜ್ಜಿ ಸಬ್ಬಕ್ಕಿಯನ್ನು ಕರ್ರಗಾಗುವ ತನಕ ಹುರಿದು, ನೀರು ಹಾಕಿ ಕುದಿಸಿ, ಅಂಟು ಬಂದ ಮೇಲೆ ತೆಂಗಿನ ಕರಟಕ್ಕೆ ಸುರಿದು ಒಣಗಿಸುತ್ತಿದ್ದರು. ಬೇಕಾದಾಗ ಒಂದು ಹನಿ ನೀರು ಬಿಟ್ಟು ಬೆರಳಿನಿಂದ ತೇಯುವುದು. ಹಣೆಗೊಂದು, ಕೆನ್ನೆಗೊಂದು ದೃಷ್ಟಿಬೊಟ್ಟು. ಗಂಡು ಮಗುವಾದರೂ ಅಷ್ಟೇ. ಸ್ವಲ್ಪ ದೊಡ್ಡವರಾದ ಮೇಲೆ ಹೆಣ್ಣುಮಕ್ಕಳಿಗೆ ಕುಂಕುಮ. ಮದುವೆಯ ಮಾತೇ ಇಲ್ಲದ ವಯಸ್ಸದು. ನಮ್ಮಲ್ಲಿ ಮದುವೆಯಿಂದ ಬರುವುದು ತಾಳಿ, ಕಾಲುಂಗುರ. ಉತ್ತರ ಭಾರತದಲ್ಲಿ ವರ ಬೈತಲೆಗೆ ಸಿಂಧೂರ ಇಡುತ್ತಾನೆ. ಹಣೆಯ ಬೊಟ್ಟು ಗಂಡನ ಜೊತೆ ಬಂದದ್ದಲ್ಲ. ಹಾಗಿದ್ದ ಮೇಲೆ ಅವನ ಜೊತೆ ಯಾಕೆ ಹೋಗಬೇಕು?

ಕುಂಕುಮವನ್ನು ಮುತ್ತೈದೆಯ ಗುರುತು ಎಂದು ಎಣಿಸುವ ರೂಢಿ ಇದೆ, ನಿಜ. ಹಳೆಯ ರೂಢಿಯೇ. ಆದರೆ ಬೊಟ್ಟಿನ ಅರ್ಥ ಅಷ್ಟಕ್ಕೇ ಮುಗಿಯುವುದಿಲ್ಲ. ಬಿಂದಿ ಎಂಬ ಮಾತು ಬಂದದ್ದು ಬಿಂದು, ಅಂದರೆ ಚುಕ್ಕೆ ಎಂಬುದರಿಂದ. ಹುಬ್ಬುಗಳ ನಡುವಿನ ಆ ಜಾಗವನ್ನು ಯೋಗದಲ್ಲಿ ಆಜ್ಞಾ ಚಕ್ರ ಎನ್ನುತ್ತಾರೆ, ಧ್ಯಾನಕ್ಕೆ ಕೂತಾಗ ಮನಸ್ಸು ನಿಲ್ಲಿಸುವ ಜಾಗ. ಗಂಡಸರು ಅಲ್ಲೇ ಗಂಧ, ವಿಭೂತಿ, ನಾಮ ಇಡುತ್ತಾರೆ. ಹೆಂಡತಿ ತೀರಿಕೊಂಡರೆ ಯಾರೂ ಅವರ ಹಣೆ ಒರೆಸುವುದಿಲ್ಲ ಅಲ್ವಾ? ಹೊಸ್ತಿಲಿಗೆ, ಹಸುವಿನ ಹಣೆಗೆ, ಆಯುಧಪೂಜೆಯ ದಿನ ಗಾಡಿಗೆ ಕುಂಕುಮ ಇಡುವ ನಾವು ಹೆತ್ತ ತಾಯಿಯ ಹಣೆಯ ಹತ್ತಿರ ಬಂದಾಗ ಕೈ ಹಿಂದೆ ತೆಗೆಯುತ್ತೇವೆ. ನನಗೆ ಇದು ಸಹಿಸಲಾಗದ ವಿಷಯ.

ಇದನ್ನು ಸಹಿಸದ ಒಂದು ಊರೂ ಇದೆ. ನಮ್ಮ ಬೆಳಗಾವಿಗೆ ತಾಗಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ. ಗಂಡ ಸತ್ತಾಗ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ತೆಗೆಯುವುದು ಇನ್ನು ಬೇಡ ಎಂದು ಅಲ್ಲಿನ ಗ್ರಾಮಸಭೆ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಬೇರೆ ಪಂಚಾಯಿತಿಗಳಿಗೂ ಹೀಗೇ ಮಾಡಿ ಎಂದು ಸುತ್ತೋಲೆ ಕಳಿಸಿತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಂತೂ 2013ರಲ್ಲೇ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದರು.

ಅಮ್ಮ ಮೊದಲು ಸ್ಟಿಕ್ಕರ್ ಇಡುತ್ತಿದ್ದರು, ಆ ಜಾಗದಲ್ಲಿ ತುರಿಕೆಯಾಗಿ ಬಿಳಿ ಕಲೆ ಬಿದ್ದಿದೆ ಎಂದೂ ಬರೆದಿದ್ದೀರಿ. ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಹೀಗಾಗುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಮತ್ತೆ ಸ್ಟಿಕ್ಕರ್ ಬೇಡ. ಕಲೆಗೆ ಏನು ಮಾಡಬೇಕು ಅಂತ ಅವರು ಹೇಳಿದ ಮೇಲೆಯೇ ಕುಂಕುಮ. ಅದೂ ಅರಿಶಿನದಿಂದ ಮಾಡಿದ್ದೇ ಆಗಿರಲಿ. ಅರಿಶಿನದ ಕೊಂಬಿಗೆ ನಿಂಬೆರಸ, ಬಿಳಿಗಾರ ಸೇರಿಸಿ ಒಣಗಿಸಿ ಕುಟ್ಟಿದರೆ ತಾನಾಗಿ ಕೆಂಪಾಗುತ್ತದೆ, ಬೇರೆ ಬಣ್ಣ ಬೇಕಿಲ್ಲ.

ಕೊನೆಗೆ ಒಂದು ಮಾತು. ಅಮ್ಮನ ಹಣೆಗೆ ನೀವಾಗಿ ಬೊಟ್ಟು ಹಚ್ಚಿಬಿಡಬೇಡಿ. ಮೊದಲು ಕೇಳಿ. ಅಪ್ಪನ ನೆನಪಿಗೆ ಅವರೇ ಬೇಡ ಎಂದುಕೊಂಡಿದ್ದರೆ ಬಿಟ್ಟುಬಿಡಿ, ಅದು ಅವರ ಇಷ್ಟ. ಜನ ಏನಂತಾರೋ ಎಂಬ ಹೆದರಿಕೆ ಮಾತ್ರ ಆದರೆ, ನಿಮ್ಮ ಮನೆಯ ಮುಂದಿನ ಹಬ್ಬಕ್ಕೆ ಅದೇ ನೆಂಟರನ್ನು ಕರೆಯಿರಿ. ಅವರೆಲ್ಲರ ಎದುರು ತಟ್ಟೆಯನ್ನು ಮೊದಲು ಅಮ್ಮನ ಮುಂದೆ ಹಿಡಿಯಿರಿ. ಅವರು ಏನು ಮಾಡಿದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

- ಸಂಪಾದಕಿ